ಮರ ರೈತನದು, ಕೊಡಲಿಗೆ ಅಪ್ಪಣೆ ಬೇಕು

ಹೊಲದ ಬದುವಿನ ಮರ ರೈತನಿಗೆ ಕಷ್ಟಕಾಲದ ಗಂಟು. ಮನೆಯ ತೊಲೆಗೆ, ಮಗಳ ಮದುವೆಯ ಖರ್ಚಿಗೆ ಅದು ಒದಗುತ್ತದೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಕಾರಟಗಿ ಸೀಮೆ ಭತ್ತದ ನಾಡಾದ ಮೇಲೆ, ಅದೇ ಮರದ ನೆರಳು ಬೆಳೆಗೆ ಅಡ್ಡಿ ಎನಿಸತೊಡಗಿತು. ಪಹಣಿ ನನ್ನ ಹೆಸರಿನಲ್ಲಿದೆ, ಮರ ಕಡಿಯಲು ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಸಹಜವೇ. ಕಾಯ್ದೆಯಾದರೋ ಮರದ ಒಡೆತನ ಬೇರೆ, ಅದನ್ನು ಕಡಿಯುವ ಹಕ್ಕು ಬೇರೆ ಎನ್ನುತ್ತದೆ.

ಶ್ರೀಗಂಧ ಇದಕ್ಕೆ ಹಳೆಯ ಉದಾಹರಣೆ. ಯಾರ ಹೊಲದಲ್ಲಿ ಬೆಳೆದರೂ ಅದು ಸರಕಾರದ ಸ್ವತ್ತಾಗಿತ್ತು. 2001ರ ತಿದ್ದುಪಡಿಯ ನಂತರವಷ್ಟೇ ಭೂಮಾಲೀಕ ಅದರ ಒಡೆಯನಾದ. ಆದರೂ ಮನಬಂದಂತೆ ಕಡಿದು ಮಾರುವ ಸ್ವಾತಂತ್ರ್ಯ ಅವನಿಗೆ ದಕ್ಕಲಿಲ್ಲ.

ಉಳಿದ ಮರಗಳಿಗೆ ಅನ್ವಯಿಸುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಇದರ ಪ್ರಕಾರ ಖಾಸಗಿ ಜಮೀನಿನ ಮರಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೊಡಲಿ ಹಾಕುವುದಷ್ಟೇ ಅಲ್ಲ, ಬುಡಕ್ಕೆ ಬೆಂಕಿ ಇಟ್ಟು ಒಣಗಿಸಿದರೂ ಕಡಿದಂತೆಯೇ ಲೆಕ್ಕ. ಒಣಗಿದ, ರೋಗ ಹಿಡಿದ, ಗಾಳಿಗೆ ಉರುಳಿದ, ಜೀವಕ್ಕೆ ಅಪಾಯ ತರುವ ಮರಗಳಿಗೆ ಅನುಮತಿ ನಿರಾಕರಿಸುವಂತಿಲ್ಲ ಎಂಬುದೂ ಅದೇ ಕಾಯ್ದೆಯಲ್ಲಿದೆ. ಅನುಮತಿ ಪಡೆದವರು ಬದಲಿಗೆ ಸಸಿ ನೆಡಬೇಕು.

ಎಲ್ಲ ಮರಕ್ಕೂ ಈ ಕಟ್ಟು ಇಲ್ಲ. ತೆಂಗು, ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್ ಮೊದಲಾದವಕ್ಕೆ ವಿನಾಯಿತಿ ಇದೆ. ಈ ಪಟ್ಟಿಗೆ ತಿದ್ದುಪಡಿಗಳಾಗಿವೆ. ಆದ್ದರಿಂದ ನೆರೆಯವರ ಮಾತು ನಂಬುವ ಬದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಅದಕ್ಕೂ ಮೊದಲು ಮರ ನಿಂತ ನೆಲ ಯಾರದೆಂದು ತಿಳಿಯಬೇಕು. ಬದುವಿನಾಚೆಗಿನದು ರಸ್ತೆ, ಕಾಲುವೆ, ಗಾಯರಾಣ ಅಥವಾ ಅರಣ್ಯದ ಜಾಗವಾಗಿರಬಹುದು. ಸಂಶಯವಿದ್ದರೆ ಹದ್ದುಬಸ್ತು ಮಾಡಿಸಬೇಕು. ಹಳೆಯ ಕಾಗದಪತ್ರ ಹುಡುಕುವವರು ಒಂದು ಸಂಗತಿ ನೆನಪಿಡಬೇಕು: ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಕಾರಟಗಿ ತಾಲೂಕಾದದ್ದು ಅದಕ್ಕೂ ಈಚೆಗೆ. ಹಿಂದಿನ ದಾಖಲೆಗಳಲ್ಲಿ ರಾಯಚೂರು ಜಿಲ್ಲೆ, ಗಂಗಾವತಿ ತಾಲೂಕು ಎಂದೇ ಇರುತ್ತದೆ.

ನಿವೇಶನಕ್ಕೋ ಅಕ್ಕಿ ಗಿರಣಿಗೋ ಹೊಲ ಬಳಸುವವರು ಎಡವುವ ಜಾಗ ಮತ್ತೊಂದಿದೆ. 1964ರ ಭೂಕಂದಾಯ ಕಾಯ್ದೆಯಡಿ ಸಿಗುವ ಭೂಪರಿವರ್ತನೆ ಆದೇಶ, ಅಂದರೆ ಜನರಾಡುವ ಎನ್.ಎ., ನೆಲದ ಬಳಕೆಗೆ ಸಂಬಂಧಿಸಿದ್ದು. ಮರ ಕಡಿಯುವ ಅನುಮತಿ ಅದರೊಳಗೆ ಸೇರಿಲ್ಲ. ಕಡಿದದ್ದನ್ನು ಸಾಗಿಸಲೂ, ವಿನಾಯಿತಿ ಇಲ್ಲದ ಜಾತಿಯಾದರೆ, ರಹದಾರಿ ಬೇಕು. ಅದಿಲ್ಲದೆ ಹೊರಟರೆ ದಿಮ್ಮಿಯೊಂದಿಗೆ ಟ್ರ್ಯಾಕ್ಟರೂ ಜಪ್ತಿಯಾದೀತು.

ಕಚೇರಿಗೆ ಅಲೆಯುವುದು ಬೇಸರದ ಕೆಲಸ, ನಿಜ. ಆದರೆ ತಪ್ಪಿದ ಅರ್ಜಿಯನ್ನು ತಿದ್ದಿ ಮತ್ತೆ ಕೊಡಬಹುದು. ಅಜ್ಜ ನೆಟ್ಟ ಮರವನ್ನು ಕಡಿದ ಮೇಲೆ ಮತ್ತೆ ನಿಲ್ಲಿಸಲಾಗದು.