ಯೆಜ್ಡಿಯ ಹೊಟ್ಟೆಯೊಳಗಿನ ಕಟಕಟ

ಇಂಡಿಯಲ್ಲಿ ನಿಂಬೆ ಚೀಲ, ಸಿಂದಗಿಯಲ್ಲಿ ತೊಗರಿ, ಮುದ್ದೇಬಿಹಾಳದಲ್ಲಿ ಹಾಲಿನ ಕ್ಯಾನು, ಬಸವನ ಬಾಗೇವಾಡಿಯಲ್ಲಿ ಗಂಡ, ಹೆಂಡತಿ, ಮೇಲೆರಡು ಮಕ್ಕಳು. ಏನು ಹೇರಿದರೂ ಒಲ್ಲೆನೆನ್ನದ ಗಾಡಿ ಯೆಜ್ಡಿ. ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿಯೂ ಆಗಿರುವ ಈ ವಿಚಿತ್ರ ಗಾಡಿ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿದೆ.

ಇದು ಮೈಸೂರಿನ ಕೂಸು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕ್ ನಾಡಿನ ಜಾವಾ ಗಾಡಿಯನ್ನು ಅಲ್ಲಿ ಕಟ್ಟತೊಡಗಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಪೇಟೆಗೆ ಮರಳಿದ್ದು ನಿಜ. ಮರಳಿದ್ದು ಹೆಸರು ಮಾತ್ರ! ಹೊಸದು ಫೋರ್ ಸ್ಟ್ರೋಕ್ ಎಂಜಿನ್. ಅದರ ಕ್ರ್ಯಾಂಕು ಹಳೆಯದಕ್ಕೆ ಕೂಡುವುದಿಲ್ಲ. ಹೀಗಾಗಿ ಹಳೇ ಗಾಡಿಯ ಕ್ರ್ಯಾಂಕು ಹೋಯಿತೆಂದರೆ ಎರಡೇ ದಾರಿ: ಗುಜರಿಯವನು, ಇಲ್ಲವೇ ಕೈ ಪಳಗಿದ ಮೇಸ್ತ್ರಿ.

‘ಗಾಡಿ ಕಟಕಟ ಅನ್ನಾಕತ್ತೈತಿ, ಇನ್ನೊಂದ್ ತಿಂಗಳ ಓಡಲಿ ಬಿಡು’ ಎನ್ನುವವರೇ ಹೆಚ್ಚು. ಆ ಒಂದು ತಿಂಗಳಲ್ಲೇ ಅನಾಹುತ. ಸವೆದ ಬೇರಿಂಗ್ ಒಡೆದು, ರಾಡು ಮುರಿದು, ಎಂಜಿನ್ನಿನ ಕೇಸನ್ನೇ ಸೀಳಿತೆಂದರೆ ಮೇಸ್ತ್ರಿಯೂ ಕೈ ಚೆಲ್ಲುತ್ತಾನೆ.

ಕ್ರ್ಯಾಂಕು ಯಾಕೆ ಹೋಗುತ್ತದೆ?

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿಗೆ ಬೇರೆ ಎಣ್ಣೆಯಿಲ್ಲ. ಪೆಟ್ರೋಲಿನೊಡನೆ ಬೆರೆತು ಬಂದ ಆಯಿಲ್ಲೇ ಅದರ ಅನ್ನ. ಲೀಟರಿಗೆ 40 ಮಿಲಿಲೀಟರ್, ಅಂದರೆ 25 ಪಾಲಿಗೊಂದು ಎಂಬುದು ಹಳೇ ಲೆಕ್ಕ. ಹೊಗೆ ಹೆಚ್ಚಾಯಿತೆಂದು ಕೈ ಬಿಗಿ ಮಾಡಿದರೆ ಮೊದಲು ಒಣಗುವುದು ರಾಡಿನ ಕೆಳಗಿನ ಬೇರಿಂಗ್. ಇಳಿಜಾರಿನಲ್ಲಿ ಆಕ್ಸಿಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೂ ಅದೇ ಗತಿ: ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಿತು.

ಇನ್ನು ಎರೆ ಮಣ್ಣಿನ ಧೂಳು. ಈ ಎಂಜಿನ್ನಿನಲ್ಲಿ ಗಾಳಿ ಕ್ರ್ಯಾಂಕಿನ ಕೋಣೆ ಹಾದೇ ಮೇಲಕ್ಕೆ ಹೋಗಬೇಕು. ಫಿಲ್ಟರ್ ಕಿತ್ತೆಸೆದು ‘ಪಿಕಪ್ ಬಂತು’ ಎಂದು ಹಿಗ್ಗುವವರು ಬೇರಿಂಗಿಗೆ ಮರಳು ಉಣಿಸುತ್ತಿದ್ದಾರೆ ಅಷ್ಟೇ. ಆಯಿಲ್ ಸೀಲ್ ಗಟ್ಟಿಯಾಗಿ ಬಿರಿದರೆ ಕಳ್ಳಗಾಳಿ ಒಳನುಗ್ಗಿ ಎಂಜಿನ್ ಕಾಯುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಸಾಕು: ಕಾಫಿ ಬಣ್ಣವಿದ್ದರೆ ಕ್ಷೇಮ, ಬಿಳಿಚಿಕೊಂಡಿದ್ದರೆ ಅಪಾಯ. ಮಂಜಿನ ನಾಡುಗಳಲ್ಲಿ ಓಡುವ ಟೂ ಸ್ಟ್ರೋಕ್ ಸ್ನೋಮೊಬೈಲುಗಳಿಗೂ ಇದೇ ರೋಗವಂತೆ. ಅವರಿಗೆ ಧೂಳಿನ ಕಾಟವೊಂದು ಇರಲಿಕ್ಕಿಲ್ಲ!

ಅರ್ಧ ಕೆಲಸದ ಉಳಿತಾಯ

ಕೆಲವು ಕಡೆ ರಾಡು ಕಿಟ್ ಒಂದನ್ನೇ ಹಾಕಿ, ಹಳೇ ಬೇರಿಂಗ್, ಹಳೇ ಸೀಲ್ ಹಾಗೇ ಉಳಿಸಿ ಗಾಡಿ ಕೊಡುತ್ತಾರೆ. ಬಿಲ್ಲು ಕಡಿಮೆ, ಗಿರಾಕಿಗೆ ಖುಷಿ. ಎಂಜಿನ್ ಮತ್ತೆ ಇಳಿಸುವ ದಿನ ಆ ಖುಷಿ ಬಡ್ಡಿ ಸಮೇತ ವಸೂಲಾಗುತ್ತದೆ. ಎಂಜಿನ್ ಒಮ್ಮೆ ಇಳಿಸಿದ ಮೇಲೆ ರಾಡು, ಪಿನ್ನು, ಎರಡೂ ಕಡೆಯ ಬೇರಿಂಗ್, ಸೀಲ್ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ಬೇರಿಂಗ್ ಮೇಲೆ ‘ಸಿ3’ ಎಂಬ ಗುರುತಿರಲಿ. ಕಾದು ಹಿಗ್ಗಿದಾಗ ಹಿಡಿಯದಂತೆ ಒಳಗೆ ತುಸು ಜಾಗ ಹೆಚ್ಚಿಟ್ಟ ಬೇರಿಂಗದು. ಕೇಸಿನಲ್ಲಿ ಬೇರಿಂಗ್ ಕೂರುವ ಜಾಗ ಸಡಿಲಾಗಿದ್ದರೆ ಸುತ್ತ ಪಂಚ್ ಹೊಡೆದು ಬಿಗಿ ಮಾಡುವ ಚಾಲಾಕಿ ನಾಲ್ಕು ದಿನದ್ದು. ಅದಕ್ಕೆ ಲೇಥಿನವನೇ ಬೇಕು.

ಎರಡು ಚಕ್ರದ ನಡುವೆ ಪಿನ್ನನ್ನು ಒತ್ತಿ ಕೂರಿಸಿದ್ದೇ ಕ್ರ್ಯಾಂಕು. ಇದನ್ನು ಪ್ರೆಸ್ಸಿನಲ್ಲಿ ಬಿಚ್ಚಬೇಕು, ಪ್ರೆಸ್ಸಿನಲ್ಲೇ ಕೂಡಿಸಬೇಕು. ಸುತ್ತಿಗೆಯಿಂದ ಬಡಿದು ಬಿಚ್ಚಿದ ಕ್ರ್ಯಾಂಕು ನೆಟ್ಟಗಾಗುವುದು ಕಷ್ಟ. ಕೂಡಿಸಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಬೇಕು. ಓಲಾಟ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು ಇದ್ದರೆ ಸರಿ. ಗೇಜಿಲ್ಲದೆ ‘ಕಣ್ಣಳತ್ಯಾಗ ಬರೊಬ್ಬರಿ ಐತ್ರಿ’ ಎನ್ನುವ ಅಂಗಡಿಯಿಂದ ಗಾಡಿ ತಳ್ಳಿಕೊಂಡಾದರೂ ಹೊರಬರುವುದು ಲೇಸು. ಗಿರಾಕಿಯೂ ಒಂದು ಪರೀಕ್ಷೆ ಮಾಡಬಹುದು: ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದರೆ ಕಿಂಚಿತ್ತೂ ಆಡಬಾರದು. ಅಡ್ಡಡ್ಡ ತುಸು ಸರಿದರೆ ದೋಷವಲ್ಲ.

ಇದೆಲ್ಲದರ ಮೇಲೆ 2023ರಿಂದ ಬಂಕುಗಳಿಗೆ ಬರತೊಡಗಿದ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲು. ಕಬ್ಬು ಬೆಳೆದವನಿಗೆ ಅದು ಲಾಭ, ಹಳೇ ಯೆಜ್ಡಿಗೆ ಅಜೀರ್ಣ. ಹಳೇ ರಬ್ಬರಿಗೆ ಎಥನಾಲ್ ಒಗ್ಗುವುದಿಲ್ಲ. ಆದ್ದರಿಂದ ಸೀಲ್ ಹಾಕಿಸುವಾಗ ವೈಟಾನ್ ಕೇಳಿ ಹಾಕಿಸುವುದು ಒಳ್ಳೆಯದು. ಎಥನಾಲ್ ನೀರನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕು, ಕಾರ್ಬೊರೇಟರ್ ಖಾಲಿ ಮಾಡದಿದ್ದರೆ ಹೊಸ ಬೇರಿಂಗಿಗೂ ತುಕ್ಕು ತಪ್ಪಿದ್ದಲ್ಲ.

ಕೆಲಸ ಮುಗಿದ ಗಾಡಿಗೆ ಮೊದಲ ಕೆಲವು ನೂರು ಕಿಲೋಮೀಟರ್ ಬಾಣಂತಿಯ ಆರೈಕೆ ಬೇಕು. ಜೋರು ಓಟ ಬೇಡ, ಆಯಿಲ್ ಕಡಿಮೆ ಬೇಡ. ಬಂಕಿನಲ್ಲಿ ಟೂಟಿ ಆಯಿಲ್ ಸಿಗದಿದ್ದೀತು, ಡಿಕ್ಕಿಯಲ್ಲೊಂದು ಬಾಟಲಿ ಇರಲಿ. ನಿಂಬೆ ಚೀಲ ಅಲ್ಲಿಯವರೆಗೆ ಟಂಟಂನಲ್ಲಿ ಹೋಗಲಿ.