ಚಳಿಗೆ ಗೆಲ್ಲೋ ಟೊಮೆಟೊ, ಬೇಸಿಗೆಗೆ ಮುದುಡೋ ಎಲೆ

ಕೋಲಾರದ ಹುತ್ತೂರು ಸೀಮೆಯಲ್ಲಿ ವಿಷ ಹೊಡೆಯದೆ ಟೊಮೆಟೊ ಬೆಳೀಬಹುದಾ? ಚಳಿಗಾಲದಲ್ಲಿ ಧಾರಾಳವಾಗಿ! 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ ಹಾಕಿ. 25 ದಿನದ ಟೊಮೆಟೊ ಸಸಿ ಜೊತೆ 40 ದಿನದ ಚೆಂಡುಹೂ ಸಸಿ ನೆಟ್ಟರೆ ಎರಡೂ ಒಟ್ಟಿಗೇ ಹೂ ಬಿಡುತ್ತವೆ. ಆಗ ಕಾಯಿಕೊರಕದ ಪತಂಗ ಚೆಂಡುಹೂವಿನ ಮೊಗ್ಗಿಗೇ ಹೋಗಿ ಮೊಟ್ಟೆ ಇಡುತ್ತೆ.

ಬೇಸಿಗೆಯಲ್ಲಿ ಸೋಲು ಜಾಸ್ತಿ. ಎಲೆ ಮಗುಚಿ ನೋಡಿ, ಬಿಳಿನೊಣ ಗುಂಪಾಗಿ ಕೂತಿರುತ್ತೆ. ಅದು ತಂದ ವೈರಸ್‌ಗೆ ಎಲೆ ಮುದುಡಿತೋ, ಬೇವಿನೆಣ್ಣೆಯಿಂದ ಆ ಗಿಡ ಉಳಿಯಲ್ಲ. ಕಿತ್ತು ಸುಡಲೇಬೇಕು. ಹೊಟ್ಟೆ ಉರಿಯುತ್ತೆ, ನಿಜ. ಮುಂದಿನ ಸಲ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ರೋಗನಿರೋಧಕ ತಳಿ ಅರ್ಕಾ ರಕ್ಷಕ್ ಹಾಕಿ ನೋಡಿ.

ಟೊಮೆಟೊಗೆ ಬಿಳಿನೊಣವಾದರೆ, ಶ್ರೀನಿವಾಸಪುರದ ಮಾವಿಗೆ ಹಣ್ಣುನೊಣದ ಕಾಟ. ಕಾಯಿ ಬಲಿಯೋ ಮುಂಚೆಯೇ ಮೋಹಕ ಬಲೆ ಕಟ್ಟಿ. ಉದುರಿದ ಹಣ್ಣನ್ನ ಮರದಡಿ ಬಿಡಬೇಡಿ, ಒಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತೆ.