ಡಿಸ್ಕ್ ಇಲ್ಲದ ಕಂಪ್ಯೂಟರು ಏಳದಿದ್ದರೆ

ರೇಡಿಯೋ ಪೆಟ್ಟಿಗೆಯೊಳಗೆ ಹಾಡು ತುಂಬಿಟ್ಟಿರುವುದಿಲ್ಲವೆಂಬುದು ನಿಮಗೆ ಗೊತ್ತು. ಡಿಸ್ಕ್ ಇಲ್ಲದ ಕಂಪ್ಯೂಟರೂ ಹಾಗೆಯೇ; ತನ್ನ ಕಾರ್ಯವ್ಯವಸ್ಥೆಯನ್ನು ಅದು ತಂತಿಯ ಮೂಲಕ ಸರ್ವರಿನಿಂದ ತರಿಸಿಕೊಳ್ಳಬೇಕು. ಶಾಲೆಯೊಂದರಲ್ಲಿ ಇಂಥ 30 ಯಂತ್ರಗಳಿದ್ದು, ಪರೀಕ್ಷೆಯ ಬೆಳಿಗ್ಗೆ ಒಂದೂ ಏಳಲಿಲ್ಲವೆನ್ನಿ. ಅಷ್ಟೂ ಒಟ್ಟಿಗೆ ಕೆಡುವುದು ಅಪರೂಪ. ಸರ್ವರನ್ನೋ ಜಾಲದ ಸ್ವಿಚ್ಚನ್ನೋ ಶಂಕಿಸಿರಿ. ಒಂದೇ ಯಂತ್ರ ಹಟ ಹಿಡಿದರೆ ಅದರ ತಂತಿಯನ್ನು ನೋಡಿರಿ.

ಪರದೆಯ ಮೇಲಿನ ಸಂಕೇತವನ್ನು ಓದದೆ ಯಂತ್ರವನ್ನು ಆರಿಸಬೇಡಿರಿ. ಹಳೆಯ ಬಯಾಸ್ ಯಂತ್ರಗಳಲ್ಲಿ ‘ಪಿಎಕ್ಸ್‌ಇ-ಇ61’ ಎಂದು ಬಂದರೆ ಮೊದಲು ತಂತಿಯನ್ನು ಪರೀಕ್ಷಿಸಬೇಕು. ‘ಇ51’ ಎಂದರೆ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ಉತ್ತರವಿಲ್ಲ. ‘ಇ53’ ಎಂದರೆ ವಿಳಾಸ ಸಿಕ್ಕಿತು, ತರಬೇಕಾದ ಕಡತದ ಹೆಸರು ಸಿಗಲಿಲ್ಲ. ‘ಇ32’ರಲ್ಲಿ ಹೆಸರೂ ಸಿಕ್ಕಿದೆ, ಕಡತ ಕೊಡುವ ಟಿಎಫ್‌ಟಿಪಿ ಮಾತಾಡುತ್ತಿಲ್ಲ, ಫೈರ್‌ವಾಲು ಯುಡಿಪಿ 69ನೆಯ ಬಾಗಿಲನ್ನು ಮುಚ್ಚಿರುವುದೇ ಹಲವು ಸಲ ಕಾರಣ.

ಬಹಳ ಕಾಡಿಸುವುದು ‘ಇ51’. ಸರ್ವರು ಸರಿಯಿದ್ದೂ ಅದು ಬರಬಹುದು. ಕೆಲವು ಸ್ವಿಚ್ಚುಗಳು ಜಾಲದಲ್ಲಿ ಸುತ್ತು ಬಿದ್ದಿದೆಯೇ ಎಂದು ಪರೀಕ್ಷಿಸುತ್ತ, ತಂತಿಗೆ ಜೀವ ಬಂದ ಮೇಲೂ ಸುಮಾರು 30 ಸೆಕೆಂಡು ಯಂತ್ರದ ಕೂಗನ್ನು ದಾಟಗೊಡುವುದಿಲ್ಲ. ಅಷ್ಟರಲ್ಲಿ ಯಂತ್ರ ಕೂಗಿ ಕೂಗಿ ಸುಮ್ಮನಾಗಿರುತ್ತದೆ! ನಡುವೆ ಒಂದು ಸಾದಾ ಸ್ವಿಚ್ಚನ್ನು ಸೇರಿಸಿ ನೋಡಿರಿ. ಯಂತ್ರ ಎದ್ದರೆ ಕಳ್ಳ ಸಿಕ್ಕನೆಂದೇ ತಿಳಿಯಿರಿ. ಆಮೇಲೆ ಕಂಪ್ಯೂಟರು ಸೇರುವ ದ್ವಾರಗಳಿಗೆ ಮಾತ್ರ ‘ಪೋರ್ಟ್‌ಫಾಸ್ಟ್’ ಅನುಮತಿ ಕೊಡಿಸಿರಿ.

ಕಡತ ಬಂದೂ ಕೆಲಸ ನಿಂತರೆ, ಬಯಾಸಿಗೆಂದು ಮಾಡಿದ ಕಡತವನ್ನು ಹೊಸ ಯುಇಎಫ್‌ಐ ಯಂತ್ರಕ್ಕೆ ಬಡಿಸುತ್ತಿದ್ದೀರೋ ಏನೋ, ಅದನ್ನೂ ನೋಡಿರಿ.